ಪುಣೆಗೆ ಬಂದಾಯ್ತು, ಇನ್ನು ಚರ್ಚು? ಹೊಸ ಸಭೆಯಲ್ಲಿ ಬೆರೆಯುವುದು ಹೀಗೆ

ಕೆಲಸ ಸಿಕ್ಕಿತು, ವಾಕಡ್‌ನಲ್ಲೋ ಖರಾಡಿಯಲ್ಲೋ ಬಾಡಿಗೆ ಮನೆಯೂ ಸಿಕ್ಕಿತು, ಗ್ಯಾಸ್ ಸಿಲಿಂಡರೂ ಬಂತು. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗುವುದು ಅನ್ನುವುದು ಮಾತ್ರ ಹಾಗೇ ಉಳಿದುಬಿಡುತ್ತದೆ. ಹುಬ್ಬಳ್ಳಿ, ಧಾರವಾಡ, ಬೀದರ್, ಮಂಗಳೂರು ಕಡೆಯಿಂದ ಪುಣೆಗೆ ಬರುವ ನಮ್ಮವರಲ್ಲಿ ಎಷ್ಟೋ ಮಂದಿ ಯೂಟ್ಯೂಬಿನಲ್ಲಿ ಊರಿನ ಆರಾಧನೆ ನೋಡಿಕೊಂಡೇ ತಿಂಗಳುಗಟ್ಟಲೆ ಕಳೆಯುತ್ತಾರೆ. ನೋಡಲಿ ಬಿಡಿ, ತಪ್ಪೇನಿಲ್ಲ. ಆದರೆ ಮನೆಮಂದಿಗೆಲ್ಲ ಒಟ್ಟಿಗೆ ಜ್ವರ ಬಂದರೆ ಯೂಟ್ಯೂಬ್ ಗಂಜಿ ಮಾಡಿ ತಂದುಕೊಡುವುದಿಲ್ಲ, ಅಲ್ವಾ?

ಮೊದಲು ಕಾಗದಪತ್ರ

ಊರು ಬಿಡುವ ಮುಂಚೆಯೇ ನಿಮ್ಮ ಸಭಾಪಾಲಕರಿಂದ ಒಂದು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಮನೆಯಲ್ಲಿ ಯಾರ್ಯಾರಿಗೆ ದೀಕ್ಷಾಸ್ನಾನ ಆಗಿದೆ, ಯಾರ್ಯಾರಿಗೆ ದೃಢೀಕರಣ (ಕನ್ಫರ್ಮೇಶನ್) ಆಗಿದೆ, ವಂತಿಗೆ ಎಲ್ಲಿಯತನಕ ಕಟ್ಟಿದೆ, ಇಷ್ಟಿದ್ದರೆ ಸಾಕು. ಪತ್ರ ಇಲ್ಲ ಅಂತ ಭಾನುವಾರ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಅದು ಬೇಕಾಗುವುದು ಆಮೇಲೆ: ಮಗುವಿನ ದೀಕ್ಷಾಸ್ನಾನಕ್ಕೆ, ತಂಗಿಯ ಮದುವೆಗೆ, ಮತ್ತೆ, ಬೇಡದ ಮಾತಾದರೂ ಹೇಳಲೇಬೇಕು, ಮಣ್ಣು ಮಾಡುವ ಜಾಗಕ್ಕೆ.

ಕ್ಯಾಥೊಲಿಕರಾದರೆ ಇನ್ನೊಂದು ವಿಷಯ ಗೊತ್ತಿರಲಿ. ನೀವು ಎಲ್ಲಿಗೆ ಹೋದರೂ ನಿಮ್ಮ ದೀಕ್ಷಾಸ್ನಾನದ ದಾಖಲೆ ಅದು ನಡೆದ ಚರ್ಚಿನ ಪುಸ್ತಕದಲ್ಲೇ ಇರುತ್ತದೆ. ಮುಂದೆ ದೃಢೀಕರಣವೋ ಮದುವೆಯೋ ಪುಣೆಯಲ್ಲಿ ಆದರೂ ಅದರ ಸುದ್ದಿ ಆ ಚರ್ಚಿಗೆ ಹೋಗುತ್ತದೆ, ಅಲ್ಲಿ ನಿಮ್ಮ ಹೆಸರಿನ ಮುಂದೆ ಅದನ್ನೂ ಬರೆದುಕೊಳ್ಳುತ್ತಾರೆ. ಹಾಗಾಗಿ ಮದುವೆ ಹೊತ್ತಿಗೆ ಅಮ್ಮ ಬೀರುವಿನಲ್ಲಿ ಜೋಪಾನವಾಗಿ ಇಟ್ಟ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ನಡೆಯುವುದಿಲ್ಲ, ಹೊಸದಾಗಿ ತೆಗೆಸಿದ ಪ್ರತಿಯನ್ನೇ ಕೇಳುತ್ತಾರೆ. ಊರಿನ ಚರ್ಚ್ ಆಫೀಸಿನ ಫೋನ್ ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ.

ಯಾವ ಚರ್ಚು?

ಕ್ಯಾಥೊಲಿಕರಿಗೆ ಇದು ಸುಲಭ. ಮನೆ ಯಾವ ಧರ್ಮಕೇಂದ್ರದ ವ್ಯಾಪ್ತಿಯಲ್ಲಿದೆಯೋ ಅದೇ ನಿಮ್ಮದು. ಧಾರವಾಡ ಕಡೆಯ ಸಿಎಸ್ಐನವರು (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟಂಟ್ ಸಭೆಯವರು) ಮಾತ್ರ ಪುಣೆಯಲ್ಲಿ ಸಿಎಸ್ಐ ಬೋರ್ಡ್ ಹುಡುಕಿ ಸುಸ್ತಾಗುತ್ತಾರೆ. ನೀವು ಹುಡುಕಬೇಕಾದದ್ದು ಸಿಎನ್ಐ, ಅಂದರೆ ಚರ್ಚ್ ಆಫ್ ನಾರ್ತ್ ಇಂಡಿಯಾ. ದಕ್ಷಿಣದಲ್ಲಿ 1947ರಲ್ಲಿ ಬೇರೆ ಬೇರೆ ಸಭೆಗಳು ಸೇರಿ ಸಿಎಸ್ಐ ಆಯಿತು. ಅದೇ ರೀತಿ ಉತ್ತರದಲ್ಲಿ 1970ರಲ್ಲಿ ನಾಗಪುರದಲ್ಲಿ ಸಿಎನ್ಐ ಹುಟ್ಟಿತು. ಎರಡೂ ಒಂದನ್ನೊಂದು ಒಪ್ಪಿಕೊಂಡ ಸಭೆಗಳು, ಅಲ್ಲಿಯ ಸದಸ್ಯರು ಇಲ್ಲಿಯ ಪ್ರಭುಭೋಜನಕ್ಕೆ ಸಂಕೋಚವಿಲ್ಲದೆ ಹೋಗಬಹುದು. ಬೀದರ್ ಕಡೆಯ ಮೆಥಡಿಸ್ಟರ ಸಭೆ ಆ ಒಕ್ಕೂಟಕ್ಕೆ ಸೇರಲಿಲ್ಲ, ಅವರು ಮೆಥಡಿಸ್ಟ್ ಅಂತಲೇ ಹುಡುಕಬೇಕು.

ಕಟ್ಟಡ ನೋಡಿ ಮರುಳಾಗಬೇಡಿ. ಪುಣೆಯ ಕ್ಯಾಂಪ್ ಪ್ರದೇಶದ ಸೇಂಟ್ ಮೇರಿಸ್ ಚರ್ಚು 1825ರದ್ದು, ಚೆನ್ನಾಗಿದೆ, ಒಮ್ಮೆ ಹೋಗಿ ನೋಡಿ. ಆದರೆ ವಾಕಡ್‌ನಿಂದ ಪ್ರತಿ ಭಾನುವಾರ ಅಷ್ಟು ದೂರ ಹೋಗುತ್ತೇನೆ ಅನ್ನುವ ಹುರುಪು ಮಳೆಗಾಲ ಶುರುವಾಗುವ ತನಕ ಮಾತ್ರ. ಹತ್ತಿರದ ಚರ್ಚೇ ಒಳ್ಳೆಯದು, ಶೀಟಿನ ಛಾವಣಿಯದಾದರೂ ಸರಿ.

ಒಂದೇ ಹೊತ್ತು, ಒಂದೇ ಬೆಂಚು

ಜಾಸ್ತಿ ಜನ ಎಡವುವುದು ಇಲ್ಲೇ. ದೊಡ್ಡ ಚರ್ಚುಗಳಲ್ಲಿ ಭಾನುವಾರ ಎರಡು ಮೂರು ಆರಾಧನೆ ಇರುತ್ತವೆ, ಇಂಗ್ಲಿಷಿನದು ಬೇರೆ, ಮರಾಠಿಯದು ಬೇರೆ. ಈ ವಾರ ಬೆಳಿಗ್ಗೆ, ಮುಂದಿನ ವಾರ ನಿದ್ದೆ ಬಂತು ಅಂತ ಸಂಜೆ, ಆಮೇಲಿನ ವಾರ ಫ್ರೆಂಡ್ ಕರೆದ ಅಂತ ಇನ್ನೊಂದು ಚರ್ಚು. ಹೀಗೆ ಮಾಡಿದರೆ ಪ್ರತಿ ವಾರ ಬೇರೆ ಬೇರೆ ಜನ ನಿಮ್ಮನ್ನು ಮೊದಲ ಸಲ ನೋಡುತ್ತಾರೆ. ಒಂದು ವರ್ಷ ಆದಮೇಲೂ "ಹೊಸಬರಾ?" ಅಂತಲೇ ಕೇಳುತ್ತಾರೆ. ಆಮೇಲೆ ಆ ಸಭೆಯವರು ಬಿಗುಮಾನದವರು ಅಂತ ನಾವು ಊರಿಗೆ ಫೋನ್ ಮಾಡಿ ಹೇಳುತ್ತೇವೆ!

ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ಸುಮಾರು ಅದೇ ಜಾಗದಲ್ಲಿ ಕೂರಿ. ಮುಂದಿನ ಬೆಂಚಿನ ಆಜಿ ಮೂರನೇ ವಾರ ತಿರುಗಿ ನಗುತ್ತಾರೆ, ಐದನೇ ವಾರ ನೀವು ಕಾಣಿಸದಿದ್ದರೆ ಎಲ್ಲಿ ಅಂತ ವಿಚಾರಿಸುತ್ತಾರೆ. (ಮೊದಲ ದಿನ ಮಾತ್ರ ಯಾರದೋ ಖಾಯಂ ಜಾಗದಲ್ಲಿ ಕೂತಿಲ್ಲ ತಾನೇ ಅಂತ ನೋಡಿಕೊಳ್ಳಿ. ಬೆಂಚಿನ ಮೇಲೆ ಹೆಸರು ಬರೆದಿರುವುದಿಲ್ಲ, ಆದರೂ ಇರುತ್ತದೆ.)

ಆಶೀರ್ವಾದ ಮುಗಿದ ತಕ್ಷಣ ಬೈಕ್ ಹತ್ತಬೇಡಿ. ಹೊರಗೆ ಸ್ಟೀಲ್ ಡ್ರಮ್ಮಿನ ನಲ್ಲಿಯಿಂದ ಪೇಪರ್ ಕಪ್ಪಿಗೆ ಚಹಾ ಬೀಳುತ್ತಿರುತ್ತದೆ, ಪಕ್ಕದ ತಟ್ಟೆಯಲ್ಲಿ ಗ್ಲೂಕೋಸ್ ಬಿಸ್ಕತ್ತು. ಪರಿಚಯ ಆಗುವುದೆಲ್ಲ ಅಲ್ಲೇ. ಚರ್ಚಿನ ಚಹಾ ಪುಣೆಯಲ್ಲಿ ಸಣ್ಣ ವಿಷಯ ಅಲ್ಲ ಬಿಡಿ. 1890ರಲ್ಲಿ ಇಲ್ಲಿಯ ಪಂಚ ಹೌದ್ ಮಿಷನ್ನಿನವರು ಕರೆದು ಚಹಾ ಬಿಸ್ಕತ್ತು ಕೊಟ್ಟಾಗ ಹೋದವರಲ್ಲಿ ತಿಲಕರೂ ಇದ್ದರು, ರಾನಡೆಯವರೂ ಇದ್ದರು. ಮಿಷನರಿಗಳ ಚಹಾ ಕುಡಿದು ಜಾತಿ ಕೆಟ್ಟರು ಅಂತ, ಪೇಪರಿನಲ್ಲಿ ಹೆಸರು ಬಂದು ದೊಡ್ಡ ಗಲಾಟೆಯಾಗಿ ವಿಷಯ ಶಂಕರಾಚಾರ್ಯರ ತನಕ ಹೋಯಿತು. ನಿಮಗೆ ಆ ತಾಪತ್ರಯ ಇಲ್ಲ, ಆರಾಮಾಗಿ ಎರಡು ಬಿಸ್ಕತ್ತು ತಗೊಳ್ಳಿ.

ಭಾಷೆ ಬರಲ್ಲ ಅಂದರೆ?

ಮರಾಠಿ ಆರಾಧನೆಗೆ ಹೆದರಿ ಇಂಗ್ಲಿಷಿನದಕ್ಕೆ ಓಡುವವರೇ ಜಾಸ್ತಿ. ನನ್ನ ಕೇಳಿದರೆ ಮರಾಠಿಯದ್ದಕ್ಕೇ ಹೋಗಿ. ಆರಾಧನೆಯ ಕ್ರಮ ನಿಮಗೆ ಗೊತ್ತಿರುವಂಥದ್ದೇ, ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಅಂತ ಅಂದಾಜು ಸಿಗುತ್ತದೆ. ಹಾಡುಗಳಲ್ಲಿ ಎಷ್ಟೋ ಅಭಂಗದ ಧಾಟಿಯವು, ಹಾರ್ಮೋನಿಯಂ ತಬಲಾ ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಎರಡನೇ ಸಾಲಿಗೇ ರಾಗ ಹತ್ತುತ್ತದೆ. ಕರ್ತನ ಪ್ರಾರ್ಥನೆ ಬಂದಾಗ ನೀವು ಮೆಲ್ಲಗೆ ಕನ್ನಡದಲ್ಲೇ ಹೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಕ್ಕಳ ಚಿಂತೆ ಬೇಡ. ಮಹಾರಾಷ್ಟ್ರದ ಶಾಲೆಗಳಲ್ಲಿ ಹೇಗೂ ಮರಾಠಿ ಕಡ್ಡಾಯ, ಸಂಡೇ ಸ್ಕೂಲಿನಲ್ಲಿ ಅವರೇ ನಿಮಗಿಂತ ಮುಂಚೆ ಬೆರೆಯುತ್ತಾರೆ.

ಹಾಗಾದರೆ ಕನ್ನಡದ ಪ್ರಾರ್ಥನಾ ಕೂಟ? ಇದ್ದರೆ ಖಂಡಿತ ಹೋಗಿ. ದುಃಖ ಬಂದಾಗ ಪ್ರಾರ್ಥನೆ ಬಾಯಿಗೆ ಬರುವುದು ಕನ್ನಡದಲ್ಲೇ. ಆದರೆ ಪಕ್ಕದ ಚರ್ಚು ಬಿಟ್ಟು ಅದಕ್ಕೊಂದಕ್ಕೇ ಅಂಟಿಕೊಂಡರೆ ನೀವು ಪುಣೆಯಲ್ಲಿದ್ದೂ ಪುಣೆಗೆ ಬಂದಂತಾಗುವುದಿಲ್ಲ.

ಆಮೇಲೆ ಕೈಗೊಂದು ಕೆಲಸ

ಎರಡು ಮೂರು ತಿಂಗಳಾದ ಮೇಲೆ ಆಫೀಸಿಗೆ ಹೋಗಿ ಪತ್ರ ಕೊಟ್ಟು ಹೆಸರು ಬರೆಸಿ, ವಂತಿಗೆ ಶುರುಮಾಡಿ. ಜೊತೆಗೆ ಒಂದು ಸಣ್ಣ ಕೆಲಸ ಕೇಳಿ ಪಡೆಯಿರಿ. ಹಾಡುವ ತಂಡ, ಕಮಿಟಿ ಎಲ್ಲ ಈಗಲೇ ಬೇಡ. ಕುರ್ಚಿ ಜೋಡಿಸುವುದು, ಚಹಾ ಹಂಚುವುದು, ಸುಗ್ಗಿ ಹಬ್ಬದ ಹರಾಜಿನಲ್ಲಿ ಲೆಕ್ಕ ಬರೆಯುವುದು ಸಾಕು. "ನಮ್ಮೂರ ಚರ್ಚಿನಲ್ಲಿ ಹೀಗಲ್ಲ" ಅನ್ನುವ ಮಾತನ್ನು ಮಾತ್ರ ಮೊದಲ ವರ್ಷ ನುಂಗಿಕೊಳ್ಳಿ, ಆ ಮಾತು ನಿಜವೇ ಇದ್ದರೂ.

ಡಿಸೆಂಬರ್ ಬಂದಾಗ ಕ್ಯಾರಲ್ ತಂಡದ ಪಟ್ಟಿಯಲ್ಲಿ ನಿಮ್ಮ ಮನೆ ಹೆಸರೂ ಕೊಡಿ. ಕೊಟ್ಟಮೇಲೆ ಸೊಸೈಟಿ ಗೇಟಿನಲ್ಲಿ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಿಟಾರ್ ಹಿಡಿದ ಇಪ್ಪತ್ತು ಜನ ಸೆಕ್ಯೂರಿಟಿ ಕ್ಯಾಬಿನ್ ಮುಂದೆ ಒಬ್ಬೊಬ್ಬರಾಗಿ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಾ ನಿಂತಿರುತ್ತಾರೆ.