ಆಕ್ರೊಪಾಂಗ್‌ಗೆ ನಮ್ಮ ಯುವಜನರನ್ನು ಕರೆದೊಯ್ದ ಬಗೆ: ನನ್ನ ಅನುಭವ

ಘಾನಾದ 2021ರ ಜನಗಣತಿಯ ಪ್ರಕಾರ ಅಲ್ಲಿನ ಜನರಲ್ಲಿ ಶೇ. 71ಕ್ಕೂ ಹೆಚ್ಚು ಮಂದಿ ಕ್ರೈಸ್ತರು. ಹಾಗಿದ್ದ ಮೇಲೆ ಮಂಗಳೂರಿನ ಕ್ರೈಸ್ತ ಸಭೆಗಳ ಯುವಜನರು ಅಲ್ಲಿಗೆ ಅಲ್ಪಾವಧಿಯ ಸೇವೆಗೆ ಹೋಗುವುದಾದರೂ ಏಕೆ ಎಂಬ ಪ್ರಶ್ನೆಯನ್ನು ನಾನು ಪ್ರತಿ ತಂಡದ ಮೊದಲ ಸಭೆಯಲ್ಲೇ ಮುಂದಿಡುತ್ತೇನೆ. ಸುವಾರ್ತೆ ಕೇಳದವರಿಗೆ ಸುವಾರ್ತೆ ಸಾರಲು ಹೋಗುತ್ತಿದ್ದೇವೆ ಎಂದುಕೊಂಡು ಬಂದ ಹುಡುಗ ಹುಡುಗಿಯರ ಉತ್ಸಾಹ ಆಗ ಸ್ವಲ್ಪ ತಗ್ಗುತ್ತದೆ. ತಗ್ಗಬೇಕೆಂಬುದೇ ನನ್ನ ಉದ್ದೇಶ.

ಘಾನಾದ ಆಕ್ರೊಪಾಂಗ್ ಊರನ್ನು ನಾವು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಅಂದಿನ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಬಂದದ್ದು 1828ರಲ್ಲಿ, ನಮ್ಮ ಕರಾವಳಿಗೆ ಬಂದದ್ದು 1834ರಲ್ಲಿ. ಅಲ್ಲಿಗೆ ಹೋದ ಮೊದಲಿಗರಲ್ಲಿ ಹೆಚ್ಚಿನವರು ಜ್ವರದಿಂದ ತೀರಿಕೊಂಡರು. ಬದುಕುಳಿದ ಆಂಡ್ರಿಯಾಸ್ ರೀಸ್ 1835ರಲ್ಲಿ ಅಕ್ರಾದ ಕರಾವಳಿಯನ್ನು ಬಿಟ್ಟು ಆಕ್ವಾಪಿಮ್ ಗುಡ್ಡಸಾಲಿನ ಮೇಲಿರುವ ಆಕ್ರೊಪಾಂಗ್‌ಗೆ ಹತ್ತಿದರು. 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಕಪ್ಪು ಜನಾಂಗದ ಕ್ರೈಸ್ತ ಕುಟುಂಬಗಳು ಬಂದು ನೆಲೆಸಿದ ಬಳಿಕವೇ ಅಲ್ಲಿನ ಸಭೆ ಬೇರೂರಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಎರಡೂ ಕಡೆ ಮಿಷನರಿಗಳನ್ನು ಬ್ರಿಟಿಷರು ತೆರವುಗೊಳಿಸಿದರು. ಮಂಗಳೂರಿನ ಹೆಂಚಿನ ಕಾರ್ಖಾನೆಗಳೂ ಅಲ್ಲಿನ ಮಿಷನ್ ವ್ಯಾಪಾರವೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಬ್ರಿಟಿಷ್ ಕಂಪನಿಯ ಕೈಸೇರಿದವು. ಈ ಇತಿಹಾಸ ತಿಳಿದ ಯುವಕನಿಗೆ ತಾನು ಕೊಡುವವನು, ಎದುರಿಗಿರುವವನು ಪಡೆಯುವವನು ಎಂದುಕೊಳ್ಳುವುದು ಕಷ್ಟವಾಗುತ್ತದೆ, ಏಕೆಂದರೆ ಎರಡು ಸಭೆಗಳೂ ಒಂದೇ ಕೈಯಿಂದ ಪಡೆದವು.

ನಾನು ಪಾಲಿಸುತ್ತ ಬಂದ ಕ್ರಮದ ತಿರುಳು ಇಷ್ಟೇ: ಕೆಲಸವನ್ನು ಅಲ್ಲಿನ ಸಭೆ ನಿರ್ಧರಿಸಬೇಕು, ಆ ಕೆಲಸಕ್ಕೆ ತಕ್ಕವರನ್ನು ಮಾತ್ರ ನಾವು ಆರಿಸಬೇಕು. ಆದ್ದರಿಂದ ಟಿಕೆಟಿನ ಮಾತೆತ್ತುವುದಕ್ಕೆ ಬಹಳ ಮೊದಲೇ ಅಲ್ಲಿನ ಸೆಷನ್‌ಗೆ, ಅಂದರೆ ಸಭಾಪಾಲಕರೂ ಹಿರಿಯರೂ ಸೇರಿದ ಆಡಳಿತ ಮಂಡಳಿಗೆ, ನಿಮಗೆ ಏನು ಬೇಕು ಎಂದು ಪತ್ರ ಬರೆಯುತ್ತೇನೆ. ಮೊದಲ ಉತ್ತರ ಯಾವಾಗಲೂ ಸೌಜನ್ಯದ್ದಾಗಿರುತ್ತದೆ, ನೀವು ಬಂದರೆ ಸಾಕು ಎಂದಷ್ಟೇ ಇರುತ್ತದೆ. ಮತ್ತೆ ಕೇಳಬೇಕು, ಒತ್ತಾಯಿಸಿ ಕೇಳಬೇಕು. ಆಗ ನಿಜವಾದ ಪಟ್ಟಿ ಬರುತ್ತದೆ: ಸಭೆಯ ಲೆಕ್ಕಪತ್ರವನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಲು ಕಲಿಸುವವರು, ಕಟ್ಟಡದ ವಿದ್ಯುತ್ ವೈರಿಂಗ್ ಪರಿಶೀಲಿಸುವವರು, ಶಾಲಾ ರಜೆಯಲ್ಲಿ ಮಕ್ಕಳ ಆರಾಧನೆಯ ಶಿಕ್ಷಕರೊಂದಿಗೆ ಕೂತು ಪಾಠಸಾಮಗ್ರಿ ತಯಾರಿಸುವವರು. ಗೋಡೆ ಕಟ್ಟುವ, ಸುಣ್ಣ ಬಳಿಯುವ ಕೆಲಸ ಆ ಪಟ್ಟಿಯಲ್ಲಿ ಎಂದೂ ಬರಲಿಲ್ಲ. ಒಬ್ಬನ ವಿಮಾನದ ಖರ್ಚಿನಲ್ಲಿ ಅಲ್ಲಿನ ಗಾರೆಯವನಿಗೆ ಎಷ್ಟೋ ದಿನದ ಕೂಲಿ ಸಿಗುವಾಗ, ಕರಣೆ ಹಿಡಿಯಲೂ ಬಾರದ ಬಿ.ಕಾಂ. ವಿದ್ಯಾರ್ಥಿಯಿಂದ ಗೋಡೆ ಕಟ್ಟಿಸುವುದು ಯಾರ ಸಂತೋಷಕ್ಕಾಗಿ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆಯ್ಕೆಯ ವಿಷಯದಲ್ಲಿ ಮನಸ್ತಾಪಗಳು ಆಗಿಯೇ ಆಗುತ್ತವೆ. ಚೆನ್ನಾಗಿ ಹಾಡುವವರೂ ಗಿಟಾರ್ ನುಡಿಸುವವರೂ ಎಲ್ಲ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಘಾನಾದ ಗಾಯಕವೃಂದಗಳನ್ನು ಒಮ್ಮೆ ಕೇಳಿದವರು ಹಾಡನ್ನು ಅಲ್ಲಿಗೆ ಹೊತ್ತೊಯ್ಯುವ ಯೋಚನೆಯನ್ನು ಕೈಬಿಡುತ್ತಾರೆ. ನಾನು ಹುಡುಕುವುದು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್‌ನನ್ನು, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಪಳಗುತ್ತಿರುವ ಹುಡುಗಿಯನ್ನು, ಮೇಲಿನವರು ಹೇಳಿದ್ದನ್ನು ಕೇಳಿ ನಡೆಯುವ ಸ್ವಭಾವದವರನ್ನು.

ನರ್ಸಿಂಗ್ ವಿದ್ಯಾರ್ಥಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಘಾನಾದಲ್ಲಿ ನೋಂದಣಿಯಿಲ್ಲದೆ ವೈದ್ಯರಾಗಲೀ ದಾದಿಯರಾಗಲೀ ವೃತ್ತಿ ನಡೆಸುವಂತಿಲ್ಲ. ಅದು ಸರಿಯಾದ ನಿಯಮವೇ. ಗ್ರಾಮಮಟ್ಟದಲ್ಲಿ ಅಲ್ಲಿನವರು ಚಿಪ್ಸ್ ಕಾಂಪೌಂಡ್ ಎಂದು ಕರೆಯುವ ಸರ್ಕಾರಿ ಆರೋಗ್ಯ ಕೇಂದ್ರಗಳಿವೆ. ನಮ್ಮವರು ಅಲ್ಲಿನ ದಾದಿಯ ಕೈಕೆಳಗೆ ಹೆಸರು ಬರೆದುಕೊಳ್ಳುವುದು, ಸಾಲು ನೋಡಿಕೊಳ್ಳುವುದು, ತೂಕ ಗುರುತಿಸುವುದು ಇಷ್ಟನ್ನೇ ಮಾಡಿದರು. ರಕ್ತದೊತ್ತಡ ಹೆಚ್ಚಿದ್ದವರಿಗೆ ಮುಂದೇನು ಎಂಬುದನ್ನು ಆಕೆಯೇ ಹೇಳುತ್ತಿದ್ದರು, ಏಕೆಂದರೆ ನಾವು ಹೊರಟುಹೋದ ಮೇಲೂ ಆ ರೋಗಿಯನ್ನು ನೋಡಬೇಕಾದವರು ಅವರೇ. ಊರಿನಿಂದ ಔಷಧಿ ಕೊಂಡೊಯ್ದು ಹಂಚುವ ಶಿಬಿರ ನಡೆಸೋಣ ಎಂದು ಕೆಲವು ದಾನಿಗಳು ಸೂಚಿಸಿದಾಗ ನಾನು ಒಪ್ಪಲಿಲ್ಲ.

ಪ್ರಯಾಣದ ಸಿದ್ಧತೆಯಲ್ಲಿ ತಪ್ಪಿಸಲಾಗದ್ದು ಹಳದಿ ಜ್ವರದ ಲಸಿಕೆ. ಘಾನಾ ಪ್ರವೇಶಿಸಲೂ ಅಲ್ಲಿಂದ ಭಾರತಕ್ಕೆ ಮರಳಲೂ ಅದರ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. ಮಲೇರಿಯಾ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರೆ ಊರಿಗೆ ಮರಳಿದ ಮೇಲೂ 4 ವಾರ ಅದನ್ನು ನುಂಗಬೇಕು. ಯುವಜನರು ಮರೆಯುವುದು ಇದನ್ನೇ. ಆದ್ದರಿಂದ ಅವರ ತಾಯಂದಿರಿಗೇ ಹೇಳಿಡುತ್ತೇನೆ.

ಅಲ್ಲಿಗೆ ತಲುಪಿದ ಬಳಿಕ ಹೊಂದಿಕೊಳ್ಳುವುದು ಎಣಿಸಿದಷ್ಟು ಕಠಿಣವಲ್ಲ. ಹಿರಿಯರಿಗೆ ಎಡಗೈಯಿಂದ ಏನನ್ನೂ ಕೊಡಬಾರದೆಂಬುದನ್ನು ನಮ್ಮವರಿಗೆ ಕಲಿಸಬೇಕಾಗಿಲ್ಲ. ಮರಗೆಣಸು ಮತ್ತು ಬಾಳೆಯನ್ನು ಕುಟ್ಟಿ ಮಾಡುವ ಫುಫುವನ್ನು ರಾಗಿಮುದ್ದೆಯಂತೆ ಅಗಿಯದೆ ನುಂಗಬೇಕೆಂದು ಹೇಳಿದರೆ ಹಾಸನದ ಕಡೆಯವರು ಸುಲಭವಾಗಿ ಒಗ್ಗಿಕೊಂಡರು, ಕುಚ್ಚಲಕ್ಕಿಯ ಮಂಗಳೂರಿಗರು ತುಸು ಒದ್ದಾಡಿದರು. ಆರಾಧನೆಯಲ್ಲಿ ಹುಟ್ಟಿದ ವಾರದ ಪ್ರಕಾರ ಕಾಣಿಕೆ ಎತ್ತುವ ಪದ್ಧತಿಯಿದೆ. ಭಾನುವಾರ ಹುಟ್ಟಿದವರು ಮೊದಲಾಗಿ ಒಂದೊಂದು ವಾರದವರು ಕುಣಿಯುತ್ತ ಮುಂದೆ ಬಂದು ಹಣ ಹಾಕುತ್ತಾರೆ, ಯಾವ ವಾರದವರು ಹೆಚ್ಚು ಕೊಟ್ಟರೆಂದು ಕೊನೆಗೆ ಘೋಷಿಸುತ್ತಾರೆ. ನಮ್ಮ ತಂಡದ ಅರ್ಧದಷ್ಟು ಮಂದಿ ಬೆಂಚಿನ ಮೇಲೆ ಕೂತೇ ಮೊಬೈಲಿನಲ್ಲಿ ತಮ್ಮ ಹುಟ್ಟಿದ ವಾರ ಹುಡುಕಿದರು. ಅಂದಿನಿಂದ ಮಕ್ಕಳು ಅವರನ್ನು ಕೋಫಿ, ಆಮಾ ಎಂದು ವಾರದ ಹೆಸರಿನಿಂದಲೇ ಕೂಗತೊಡಗಿದರು.

ಮಕ್ಕಳ ವಿಷಯದಲ್ಲಿ ನನ್ನ ನಿಯಮಗಳು ಬಿಗಿಯಾಗಿವೆ. ಪೋಷಕರ ಒಪ್ಪಿಗೆಯಿಲ್ಲದೆ ಮಗುವಿನ ಚಿತ್ರ ತೆಗೆಯುವಂತಿಲ್ಲ, ಯಾವ ಮಗುವಿನೊಂದಿಗೂ ಒಬ್ಬರೇ ಇರುವಂತಿಲ್ಲ, ದಾರಿಯಲ್ಲಿ ಚಾಕೊಲೇಟು ಹಂಚುವಂತಿಲ್ಲ. ಅನಾಥಾಲಯ ಭೇಟಿಯನ್ನು ಕಾರ್ಯಕ್ರಮದಲ್ಲಿ ಸೇರಿಸುವುದೇ ಇಲ್ಲ. ಅಂಥ ಮನೆಗಳಲ್ಲಿರುವ ಅನೇಕ ಮಕ್ಕಳಿಗೆ ತಂದೆ ಅಥವಾ ತಾಯಿ, ಇಲ್ಲವೇ ಹತ್ತಿರದ ಬಂಧುಗಳು ಬದುಕಿದ್ದಾರೆ. ಅವರನ್ನು ಕುಟುಂಬಗಳಿಗೆ ಮರಳಿಸಬೇಕೆಂಬುದೇ ಘಾನಾ ಸರ್ಕಾರದ ಧೋರಣೆ. ಹೊರಗಿನವರು ಬಂದು ಅಪ್ಪಿ, ಅತ್ತು ಹೋಗುವುದರಿಂದ ಆ ಕೆಲಸಕ್ಕೆ ಅಡ್ಡಿಯೇ ಹೆಚ್ಚು. ಇಲ್ಲಿನ ದಾನಿಗಳು ಮಕ್ಕಳ ಚಿತ್ರ ಕೇಳುತ್ತಾರೆ, ಹೌದು. ನಾನು ಅವರಿಗೆ ಲೆಕ್ಕಪುಸ್ತಕದ ಚಿತ್ರ ಕಳುಹಿಸುತ್ತೇನೆ.

ಹಣವನ್ನು ವ್ಯಕ್ತಿಗಳ ಕೈಗೆ ಕೊಡದೆ ಸೆಷನ್ ಮೂಲಕ ಕೊಟ್ಟು ರಸೀದಿ ಪಡೆಯುತ್ತೇವೆ. ಮರಳಿದ ಕೆಲವು ತಿಂಗಳ ಬಳಿಕ ಅಲ್ಲಿನವರೇ ವರದಿ ಬರೆಯುತ್ತಾರೆ, ಅದನ್ನು ನಮ್ಮ ಸಭೆಯಲ್ಲಿ ಓದಲಾಗುತ್ತದೆ. ಕಳೆದ ವರದಿಯಲ್ಲಿ ಲೆಕ್ಕಪತ್ರದ ಕೆಲಸ ಮುಂದುವರಿದಿದೆಯೆಂದೂ, ಪಾಠಸಾಮಗ್ರಿಯಲ್ಲಿ ಅರ್ಧ ಮಾತ್ರ ಬಳಕೆಯಾಗುತ್ತಿದೆಯೆಂದೂ ಬರೆದಿದ್ದರು. ಮುಂದಿನ ಬಾರಿಗೆ ಹೊಲಿಗೆಯ ಅಳತೆ ಮತ್ತು ಕತ್ತರಿಸುವಿಕೆ ಕಲಿಸಬಲ್ಲ ಒಬ್ಬರನ್ನು ಕೇಳಿದ್ದಾರೆ. ಯುವಜನ ಸಂಘದಲ್ಲಿ ಹೆಸರು ಕೊಟ್ಟವರಲ್ಲಿ ಅಂಥವರು ಯಾರೂ ಇಲ್ಲದ ಕಾರಣ, ಸ್ತ್ರೀ ಅನ್ಯೋನ್ಯ ಕೂಟದಲ್ಲಿ ವಿಚಾರಿಸುತ್ತಿದ್ದೇನೆ.