ಮುಳುಗಡೆ ಊರಿನಿಂದ ನಕ್ಷತ್ರದ ಹಡಗಿಗೆ

ವಿಜ್ಞಾನ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಸ್ತು ತಲೆಮಾರುಗಳ ಹಡಗು. ಒಂದು ದೊಡ್ಡ ಹಡಗು ಭೂಮಿ ಬಿಟ್ಟು ಬೇರೆ ನಕ್ಷತ್ರದ ಕಡೆ ಹೊರಡುತ್ತದೆ. ದಾರಿ ಎಷ್ಟು ದೂರ ಅಂದರೆ, ಹತ್ತಿದವರು ಯಾರೂ ಇಳಿಯುವುದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಸಾಯುತ್ತಾರೆ. ಎಷ್ಟೋ ಕಾಲದ ಮೇಲೆ ಯಾರೋ ಹೊಸ ನೆಲದ ಮೇಲೆ ಕಾಲಿಡುತ್ತಾರೆ. ಇಂಥ ಕಥೆ ಬರೆಯುವಾಗ ಹೊರಟವರ ಧೈರ್ಯ, ತಲುಪಿದವರ ಖುಷಿ ಎರಡೂ ಸುಲಭವಾಗಿ ಕೈಗೆ ಸಿಗುತ್ತವೆ. ನನಗೆ ನಡುವಿನವರ ಚಿಂತೆ. ಊರು ಬಿಡುವ ತೀರ್ಮಾನ ಅವರದಲ್ಲ, ಊರು ಸೇರುವ ಭಾಗ್ಯವೂ ಅವರಿಗಿಲ್ಲ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಹಾಗಾಗಿ ಈ ಚಿಂತೆ ಎಲ್ಲಿಂದ ಬಂತು ಎಂದು ಹುಡುಕುವ ಅಗತ್ಯವಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕೃಷ್ಣೆಯ ಹಿನ್ನೀರು ಘಟಪ್ರಭೆಯ ಗುಂಟ ಮೇಲೇರಿ ಹಳೇ ಬಾಗಲಕೋಟೆಯ ತಗ್ಗಿನ ಭಾಗಗಳಿಗೆ ಬಂತು. ಜನ ಎದ್ದು ಇಲ್ಲಿಗೆ ಬಂದರು. ಓಣಿಗೆ ಒಂದೊಂದು ಹೆಸರಿದ್ದ ಊರಿನಿಂದ ಸೆಕ್ಟರ್ ನಂಬರಿನ ಊರಿಗೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ‘ಮುಳುಗಡೆ’ ಅನ್ನುವುದು ಮನೆಯಲ್ಲಿ ದೊಡ್ಡವರು ಹೇಳುವ ಕಥೆ. ಅವರು ನೋಡದ ಬಾಗಿಲು, ನೋಡದ ಕಟ್ಟೆ, ನೋಡದ ಬೇವಿನ ಮರ. ಆದರೂ ಅದೇ ‘ನಮ್ಮೂರು’. ಹಡಗಿನ ಮಕ್ಕಳಿಗೆ ಭೂಮಿ ಹೀಗೇ ಇರುತ್ತದೆ ಅಲ್ವಾ?

ಬರೆಯುವ ಮೊದಲು ಲೆಕ್ಕ ಹಾಕಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.24 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹೊರಟ ಬಾಹ್ಯಾಕಾಶ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು ಹತ್ತಿರ ಹತ್ತಿರ 75,000 ವರ್ಷ ಬೇಕು. ಅಷ್ಟು ಉದ್ದದ ಕಾಲ ಕಥೆಗೆ ಭಾರವಾಗುತ್ತದೆ. ಅದಕ್ಕೆ ನನ್ನ ಹಡಗಿಗೆ ಬೆಳಕಿನ ನೂರನೇ ಒಂದು ಭಾಗದ ವೇಗ ಕೊಟ್ಟೆ. ಆಗ 424 ವರ್ಷ. ತಲೆಮಾರಿಗೆ 25 ವರ್ಷ ಹಿಡಿದರೆ 17 ತಲೆಮಾರು. ಈ ಸಂಖ್ಯೆ ಸಿಕ್ಕ ಮೇಲೆ ಕಥೆ ತಾನಾಗಿಯೇ ಬಿಗಿಯಾಯಿತು. ನಾನು ಒಂಬತ್ತನೇ ತಲೆಮಾರನ್ನು ಆರಿಸಿಕೊಂಡೆ. ಸರಿಯಾಗಿ ನಡುವಿನವರು.

ಆಮೇಲೆ ಮುಳುಗಡೆ ಕಂಡ ಹಿರಿಯರ ಹತ್ತಿರ ಕೂತು ಮಾತಾಡಿದೆ. ದುಃಖದ ಬಗ್ಗೆ ಕೇಳಲಿಲ್ಲ. ಬಾಗಿಲು ಯಾವ ದಿಕ್ಕಿಗಿತ್ತು, ಮಜ್ಜಿಗೆ ಯಾರ ಮನೆಯಿಂದ ಬರುತ್ತಿತ್ತು, ಹೊರಡುವಾಗ ಏನು ಕಿತ್ತು ತಂದಿರಿ ಎಂದು ಕೇಳಿದೆ. ಹೆಚ್ಚಿನವರು ಬಾಗಿಲ ಚೌಕಟ್ಟು, ತೊಲೆ, ಒಳ್ಳು ಕಲ್ಲಿನ ಮಾತು ತೆಗೆದರು. ಒಬ್ಬ ಅಜ್ಜಿ, ‘ಮನಿ ಬಿಟ್ಟು ಬಂದೀವಿ, ಬಾಗಲಾ ತಂದೀವಿ’ ಅಂದರು. ಆ ಮಾತು ಹಾಗೇ ನನ್ನ ಹಡಗಿಗೆ ಹೋಯಿತು. ಅಲ್ಲಿ ಒಂದು ಕುಟುಂಬ ಭೂಮಿಯಿಂದ ತಂದ ಮರದ ಬಾಗಿಲನ್ನು ಲೋಹದ ಗೋಡೆಗೆ ನಿಲ್ಲಿಸಿಕೊಂಡಿದೆ. ಅದರ ಹಿಂದೆ ಕೋಣೆಯಿಲ್ಲ. ಆದರೂ ದಿನಾ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ.

ಹದಿನೇಳು ತಲೆಮಾರನ್ನು ಒಂದೇ ಕಥೆಯಲ್ಲಿ ಹಿಡಿಯುವುದು ಹೇಗೆ ಎಂಬುದಕ್ಕೆ ದಾರಿ ಸಿಕ್ಕಿದ್ದು ಇಳಕಲ್ಲಿನಲ್ಲಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಹೂಡುವ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಇದನ್ನು ಮಗ್ಗದ ಮುಂದೆ ನಿಂತು ನೋಡುವಾಗಲೇ ಕಥೆಯ ಉಳಿದ ಅರ್ಧ ಕಣ್ಣಿಗೆ ಕಟ್ಟಿತು. ಹಡಗಿನಲ್ಲಿ ಒಂದು ಮಗ್ಗ. ಪ್ರತಿ ತಲೆಮಾರೂ ತನ್ನ ಹಾಸನ್ನು ಹಿಂದಿನವರ ಹಾಸಿನ ಎಳೆಗಳಿಗೆ ಕೊಂಡಿ ಹಾಕುತ್ತದೆ. ಒಂಬತ್ತನೇ ತಲೆಮಾರಿನ ಹುಡುಗಿ, ‘ನಾನ್ಯಾಕ ಹಾಕಬೇಕು?’ ಎಂದು ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯವಾದದ್ದು. ಅವಳನ್ನು ಗದರಿಸಿ ದಾರಿಗೆ ತರುವ ಕಥೆ ನನಗೆ ಬೇಕಿರಲಿಲ್ಲ. ಅವಳು ತನ್ನ ಹಾಸನ್ನು ಬೇರೆಯೇ ಹೂಡುತ್ತಾಳೆ. ಹತ್ತನೆಯವರು ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ.

ಫ್ಯಾಂಟಸಿಯಲ್ಲಿ ನನ್ನ ಮೆಚ್ಚಿನ ವಸ್ತು ನೀರೊಳಗಿನ ಊರು. ಕೂಡಲಸಂಗಮಕ್ಕೆ ಹೋದವರಿಗೆ ಗೊತ್ತು. ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯ ಮಂಟಪವಿದೆ. ಹಿನ್ನೀರಿನಿಂದ ಕಾಪಾಡಲು ಅದರ ಸುತ್ತ ಬಾವಿಯ ಹಾಗೆ ದುಂಡಗೆ ಗೋಡೆ ಕಟ್ಟಿದ್ದಾರೆ. ಸೇತುವೆ ಮೇಲೆ ನಡೆದು, ಮೆಟ್ಟಿಲಿಳಿದು ಒಳಗೆ ಹೋಗಬೇಕು. ಗೋಡೆಯ ಆಚೆ ತಲೆಗಿಂತ ಎತ್ತರದಲ್ಲಿ ಹೊಳೆ ನಿಂತಿದೆ ಎಂಬುದು ಮೈಗೆ ಗೊತ್ತಾಗುತ್ತದೆ. ಇಂಥ ಜಾಗ ಇಟ್ಟುಕೊಂಡು ಮಾಯಾಲೋಕಕ್ಕೆ ಬೇರೆ ದೇಶದ ಕೋಟೆಗಳನ್ನು ಯಾಕೆ ಹುಡುಕಬೇಕು?

ಆದರೆ ಮಾಯೆಗೆ ಒಂದು ಬೆಲೆ ಇರಲೇಬೇಕು. ಸುಮ್ನೆ ಮಂತ್ರ ಹೇಳಿ ಕೆಲಸ ಮುಗಿಸುವ ಕಥೆಯಲ್ಲಿ ಓದುಗರಿಗೆ ಹೆದರಿಕೆಯೂ ಇಲ್ಲ, ಆಸೆಯೂ ಇಲ್ಲ. ನನ್ನ ಕಥೆಯಲ್ಲಿ ಮುಳುಗಿದ ಊರಿನೊಳಗೆ ಹೋಗಿ ಬರಬಹುದು. ಪ್ರತಿ ಸಲ ಹೋದಾಗ ಆ ಊರಿನ ಒಂದು ನೆನಪನ್ನು ಅಲ್ಲೇ ಬಿಟ್ಟು ಬರಬೇಕು. ಯಾವ ನೆನಪು ಎಂದು ಆರಿಸುವುದು ನೀರು. ಈ ಒಂದೇ ನಿಯಮದಿಂದ ಇಡೀ ಕಥೆ ಹುಟ್ಟಿತು.

ಕಾಲಯಾನ ನನಗೆ ಅಷ್ಟು ಒಗ್ಗುವುದಿಲ್ಲ. ಕಥೆ ತೋರಿಸಲು ಬರುವ ಹುಡುಗರು ನೇರ ಪುಲಿಕೇಶಿಯ ಆಸ್ಥಾನಕ್ಕೆ ಹೋಗಿಬಿಡುತ್ತಾರೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ, ಅದನ್ನು ಕಡೆದವನ ಹತ್ತಿರ ಹೋಗಿ ಎಂದು ಅವರಿಗೆ ಹೇಳುತ್ತೇನೆ. ಅವನ ಕೈಯಲ್ಲಿ ಉಳಿ ಇದೆ, ಸಂಜೆಗೆ ಹಸಿವಿದೆ. ಕಥೆಗೆ ಅವನು ಸಾಕು.

ಕಾಲದ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೂ ಹಳೆಯದು. ಕಲಾದಗಿ ಸೀಮೆಯ ಸುಣ್ಣಕಲ್ಲಿನಲ್ಲಿ ಪದರ ಪದರವಾದ ಗುರುತುಗಳಿವೆ. ಅವು ಸ್ಟ್ರೊಮ್ಯಾಟೊಲೈಟ್‌ಗಳು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಕಡಲಿದ್ದಾಗ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳು. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇಂಥ ಜೀವಿಗಳೇ. ಬೇರೆ ಗ್ರಹವನ್ನು ಬದುಕಲು ತಕ್ಕಂತೆ ಮಾಡುವುದು ವಿಜ್ಞಾನ ಕಥೆಗಳ ಇನ್ನೊಂದು ದೊಡ್ಡ ವಸ್ತು. ಅದು ಒಮ್ಮೆ ನಿಜವಾಗಿ ನಡೆದದ್ದರ ಗುರುತು ನಮ್ಮ ಜಿಲ್ಲೆಯ ಕಲ್ಲಿನಲ್ಲೇ ಇದೆ! ಇದನ್ನು ತಿಳಿದ ದಿನದಿಂದ ಮಂಗಳ ಗ್ರಹದ ಕಥೆ ನನಗೆ ದೂರದ್ದು ಅನಿಸಿಲ್ಲ.

ಈಗ ಬರೆಯುತ್ತಿರುವುದು ಯಂತ್ರದ ಬುದ್ಧಿಯ ಕಥೆ. ಆಲಮಟ್ಟಿಯಲ್ಲಿ 26 ಗೇಟುಗಳಿವೆ. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.6 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಇಲ್ಲಿ ಮತ್ತಷ್ಟು ಊರುಗಳಿಗೆ ಮುಳುಗಡೆಯ ಚಿಂತೆ, ಹೊಳೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯವರಿಗೆ ಪ್ರವಾಹದ ಭಯ. ನನ್ನ ಕಥೆಯಲ್ಲಿ ಗೇಟು ತೆಗೆಯುವ ತೀರ್ಮಾನ ಯಂತ್ರದ್ದು. ಅದರ ಲೆಕ್ಕ ಎಂದೂ ತಪ್ಪುವುದಿಲ್ಲ. ರಾತ್ರಿ ಪಾಳಿಯ ಹೆಂಗಸು ಅದನ್ನು ಕೇಳುತ್ತಾಳೆ: ‘ಮುಳುಗೋ ಊರಾಗ ನಿನ್ನ ಮನಿ ಇದ್ದಿದ್ರ?’ ಯಂತ್ರ ಏನು ಹೇಳಬೇಕು ಎಂಬಲ್ಲಿ ಕಥೆ ನಿಂತಿದೆ. ಮಳೆಗಾಲ ಹಿಡಿಯುವ ಮೊದಲು ಗೇಟಿನ ಕೆಲಸ ಬಲ್ಲವರ ಹತ್ತಿರ ಕೂತು ಮಾತಾಡಬೇಕು. ರಾತ್ರಿ ಆದೇಶ ಹೇಗೆ ಬರುತ್ತದೆ, ಹೊಳೆಸಾಲಿನ ಊರುಗಳಿಗೆ ಮೊದಲು ಸುದ್ದಿ ಮುಟ್ಟಿಸುವವರು ಯಾರು, ಇವೆಲ್ಲ ತಿಳಿಯದೆ ಆ ಪುಟ ಬರೆಯಲಾರೆ.