ಪಾಟ್‌ಹೋಲ್‌ನಿಂದ ಏರಿ ಬರೂದು ಕಲಿಯಾಕ ಚಳಿಗಾಲದಾಗ ಎಂಥಾ ಕೊಳ್ಳ ಆರಿಸಬೇಕು

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಈಗ ಕೊಳ್ಳದಾಗ ಹಗ್ಗ ಹಾಕಿ ಇಳಿಯೂದು ಕಲ್ತವರು ಭಾಳ ಮಂದಿ ಅದಾರ, ಆದ್ರ ಇಳಿದ ಮ್ಯಾಲೆ ಕೆಳಗಿನ ಗುಂಡ್ಯಾಗಿಂದ ಆಚೆ ದಂಡಿಗೆ ಏರೂದು ಕಲ್ತವರು ಕಡಿಮಿ. ಹಳ್ಳದ ಸುಳ್ಯಾಗ ಸಿಕ್ಕ ಕಲ್ಲು ತಿರುಗಿ ತಿರುಗಿ ಬಂಡೆಗಲ್ಲು ಕೊರದು ಈ ಗುಂಡಿ, ಅಂದ್ರ ಪಾಟ್‌ಹೋಲ್, ಆಗಿರ್ತಾವು, ಅದಕ್ಕ ಒಳಗಿನ ಗ್ವಾಡಿ ನುಣ್ಣಗ, ಹಿಡಿಯಾಕ ಏನೂ ಸಿಗೂದಿಲ್ಲ. ಇಳಿದು ಹಗ್ಗ ಎಳಕೊಂಡ್ರಿ ಅಂದ್ರ ಹಿಂದಿನ ದಾರಿ ಬಂದ್, ಮುಂದಿನ ದಂಡಿ ಕೈಗೆ ಎಟಕೂದಿಲ್ಲ. ಅಮೆರಿಕಾದ ಯೂಟಾದಾಗ ಝಯಾನ್ ನ್ಯಾಷನಲ್ ಪಾರ್ಕಿನ ಇಮ್ಲೇ, ಹೀಪ್ಸ್ ಕ್ಯಾನ್ಯನ್‌ಗಳು, ಅಂದ್ರ ಕೊಳ್ಳಗಳು, ಇಂಥಾ ಗುಂಡಿಗೇ ಹೆಸರಾಗ್ಯಾವು. ಅಂಥಾ ಕಡೆ ಹೋಗೂ ಆಸೆ ಇದ್ದವರು ಮೊದಲ ಇಲ್ಲೇ ಕೈ ಪಳಗಿಸಿಕೊಳ್ರಿ.

ಜಾಗಕ್ಕ ನಾ ಇಡೂ ಮೊದಲ್ನೇ ಷರತ್ತು ಒಂದ. ಗುಂಡಿ ಸುತ್ತ ನಡಕೊಂಡು ಆಚೆ ದಂಡಿಗೆ ಹೋಗೂ ದಾರಿ ಇರಬೇಕು. ಇಲ್ಲಾಂದ್ರ ಎಷ್ಟ ಚಂದ ಕೊಳ್ಳ ಇದ್ರೂ ಅದು ಕಲಿಯೂ ಜಾಗ ಅಲ್ಲ. ಒಬ್ಬರು ಮೊದಲ ಆ ದಾರಿಯಿಂದ ಹೋಗಿ, ಗಟ್ಟಿ ಮರಕ್ಕೋ ದೊಡ್ಡ ಬಂಡೆಗೋ ಹಗ್ಗ ಕಟ್ಟಿ, ಹಗ್ಗ ಸವಿಯದಂಗ ಅಂಚಿಗೆ ಗೋಣಿಚೀಲ ಹಾಕಿ ಕುಂದ್ರಬೇಕು, ಆಮ್ಯಾಲೇ ಉಳಿದವರು ಇಳೀಬೇಕು. ಹಳ್ಳ್ಯಾಗ ಬಾವ್ಯಾಗ ಈಜು ಕಲಿಸುವಾಗ ಹಿರೇರು ನಡಕ್ಕ ಹಗ್ಗ ಕಟ್ಟಿ ದಂಡಿ ಮ್ಯಾಲೆ ನಿಂತಿರ್ತಿದ್ರಲ್ಲ, ಹಂಗ. ಗುಂಡ್ಯಾಗಿನವರಿಗೆ ಏರಾಕ ಆಗಲಿಲ್ಲಂದ್ರೂ ಹತ್ತು ನಿಮಿಷದಾಗ ಹೊರಗ ಬರುವಂಗ ಇರಬೇಕು.

ಇನ್ನ ನೀರು. ಇದರಾಗ ಭಾಳ ಮಂದಿ ತಪ್ಪು ತಿಳಕೋತಾರ, ನೀರು ಕಡಿಮಿ ಇದ್ರ ಸೇಫ್ ಅಂತ. ಪೂರ್ತಿ ತುಂಬಿದ ಗುಂಡಿ ಸರಳ ನೋಡ್ರಿ, ಈಜಿ ಹೋಗಿ ದಂಡಿ ಹಿಡದು ಏರಬಹುದು, ಪೂರ್ತಿ ಒಣಗಿದ್ದೂ ನಡೀತೈತಿ, ಕಾಲೂರಿ ನಿಂತು ಒಬ್ಬರ ಹೆಗಲ ಮ್ಯಾಲೆ ಒಬ್ಬರು ಹತ್ತಬಹುದು. ಕೆಟ್ಟದ್ದು ನಡುವಿಂದು. ಕಾಲು ನೆಲಕ್ಕ ಹತ್ತೂದಿಲ್ಲ, ಕೈ ದಂಡಿಗೆ ಮುಟ್ಟೂದಿಲ್ಲ, ಈಜಕೋತ ಈಜಕೋತ ಏನ್ ಮಾಡಾಕ ಬರತೈತಿ? ಮಳಿಗಾಲದಾಗ ತುಂಬಿದ ಗುಂಡಿ ಜನವರಿ ಹೊತ್ತಿಗೆ ಅರ್ಧಾ ಇಳಿದಿರ್ತೈತಿ, ಅಂದ್ರ ಇದ ಕೆಟ್ಟ ಸ್ಥಿತಿಯೊಳಗ. ಅದಕ್ಕ ಮೊದಮೊದಲ ಒಣಗಿದ್ದು ಇಲ್ಲಾ ಮೊಣಕಾಲಿಂದ ನಡದ ಮಟ್ಟಾ ನೀರು ಇದ್ದದ್ದು ಹುಡುಕ್ರಿ, ದಂಡಿ ಒಂದಾಳಿಗಿಂತ ಸ್ವಲ್ಪ ಎತ್ತರ ಇದ್ರ ಸಾಕು. ಆಳಾ ಎಷ್ಟೈತಿ ಅಂತ ಉದ್ದ ಬಿದಿರು ಹಾಕಿ ನೋಡ್ರಿ, ಹೋದ ವರ್ಷ ನೋಡಿದ್ದು ಈ ವರ್ಷಕ್ಕ ಲೆಕ್ಕಕ್ಕಿಲ್ಲ, ಒಂದೊಂದು ಮಳಿಗಾಲಕ್ಕೂ ಕಲ್ಲು ಮಳಲು ಬಂದು ಬೀಳತೈತಿ, ಇಲ್ಲಾ ಕೊಚ್ಚಿ ಹೋಗತೈತಿ. ಜಿಗಿಯೂದಂತೂ ಬ್ಯಾಡೇ ಬ್ಯಾಡ.

ನಾ ಒಂದು ಕೊಳ್ಳದ ಹೆಸರು ಹೇಳಿ ಅಲ್ಲೇ ಹೋಗ್ರಿ ಅನ್ನದಿರೂದೂ ಇದಕ್ಕ. ಕುರಿ ಕಾಯೋರನ್ನ ಕೇಳ್ರಿ, ಯಾವ ಮಡು ಯಾವಾಗ ಬತ್ತತೈತಿ, ಚಿರತಿ ಎಲ್ಲಿ ಓಡಾಡತೈತಿ, ಎಲ್ಲಾ ಅವರಿಗೆ ಗೊತ್ತಿರ್ತೈತಿ. ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಪರ್ಮಿಷನ್ ಇಲ್ಲದ ಹೋಗಬ್ಯಾಡ್ರಿ. ಗದಗದಿಂದ ರೈಲ್ನ್ಯಾಗ ಹೋಗೂ ಬಾದಾಮ್ಯಾಗ ಮರಳುಗಲ್ಲು ಐತಿ, ಆದ್ರ ಗುಡಿ-ಗುಹೆ ಹತ್ರ ಹಗ್ಗ ಬಿಚ್ಚಾಕೂ ಹೋಗಬ್ಯಾಡ್ರಿ. ಮತ್ತ ನೀರು ತುಂಬಿದ ಹಳೆ ಕಲ್ಲಿನ ಕ್ವಾರಿ ಊರ ಹತ್ರ ಸಿಗತಾವು ಅಂತ ಅಲ್ಲಿ ಇಳಿಯಾಕ ಹೋಗ್ತಾರ, ದಯವಿಟ್ಟು ಬ್ಯಾಡ್ರಿ, ಆಳ ತಿಳಿಯೂದಿಲ್ಲ, ಗ್ವಾಡಿ ನೆಟ್ಟಗ.

ದೊಡ್ಡ ನದಿ ಪಾತ್ರಾನೂ ಬಿಡ್ರಿ. ಹಾವೇರಿ ಕಡೆ ತುಂಗಭದ್ರಾಕ್ಕ ಮ್ಯಾಲೆ ಗಾಜನೂರು, ಭದ್ರಾ ಡ್ಯಾಂ ಅದಾವು, ದಾಂಡೇಲಿ ಕಡೆ ಕಾಳಿಗೆ ಸೂಪಾ ಡ್ಯಾಂ ಐತಿ, ನೀರು ಬಿಡಾಕ ಮಳಿ ಬರಬೇಕಂತಿಲ್ಲ, ಆಕಾಶ ನೀಲಿ ಇದ್ದಾಗೂ ಮಟ್ಟಾ ಏರತೈತಿ. ಕಾಳ್ಯಾಗ ಮೊಸಳಿ ಬ್ಯಾರೆ. ಮ್ಯಾಲೆ ಡ್ಯಾಂ ಇಲ್ಲದ ಸಣ್ಣ ಹಳ್ಳ ಬೇಕು, ಹಿಂಗಾರಿ ಮಳಿ ಮುಗದಿರಬೇಕು. ಡಿಸೆಂಬರ್‌ನ್ಯಾಗೂ ಬಂಗಾಳ ಕೊಲ್ಲಿ ಸೈಕ್ಲೋನಿಂದ ಮಳಿ ಬರೂದುಂಟು, ಜನವರಿ-ಫೆಬ್ರವರಿ ನಂಗ ಬರೋಬ್ಬರಿ ಅನಸ್ತೈತಿ.

ಹೆಜ್ಜೇನು! ಇದನ್ನ ಮರೀಬ್ಯಾಡ್ರಿ. ಕೊಳ್ಳದ ಎತ್ತರದ ಗ್ವಾಡಿಗೆ ಹುಟ್ಟು ಕಟ್ಟಿರ್ತಾವು, ಗುಂಡ್ಯಾಗ ನಿಂತವರಿಗೆ ಓಡಾಕ ಜಾಗಾನ ಇರೂದಿಲ್ಲ. ಹುಟ್ಟು ಕಂಡ್ರ ಆ ಕೊಳ್ಳ ಬಿಟ್ಟು ಬಿಡ್ರಿ. ಬೆಂಕಿ, ಹೊಗಿ, ಸೆಂಟು, ಒದರಾಟ ಎಲ್ಲೂ ಬ್ಯಾಡ.

ಪ್ರಾಕ್ಟೀಸ್ ಶುರು ಹೆಗಲ ಮ್ಯಾಲೆ ಹತ್ತೂದರಿಂದ. ಹಗುರ ಇದ್ದವರು, ಏರಾಕ ಬರೋರು ಮೊದಲ ಹೋಗ್ಲಿ, ಅವರು ಮ್ಯಾಲೆ ಮುಟ್ಟಿದ ಮ್ಯಾಲೆ ಹಗ್ಗ ಬಿಡ್ತಾರ. ಆಮ್ಯಾಲೆ ಚೀಲ ಒಗಿಯೂದು. ಗಟ್ಟಿ ಚೀಲದಾಗ ಮಳಲು ತುಂಬಿ, ಹಗ್ಗ ಕಟ್ಟಿ ಆಚೆ ದಂಡಿ ದಾಟಿ ಕೆಳಗ ಬೀಳುವಂಗ ಒಗೀಬೇಕು, ಅದರ ಭಾರ ಮತ್ತ ಅಂಚಿನ ತಿಕ್ಕಾಟ ಸೇರಿ ನಿಮ್ಮನ್ನ ಹಿಡಿಯೂದು, ಒಂದು ಸಾಲದಿದ್ರ ಎರಡು ಮೂರು ಒಗೀರಿ. ಹತ್ತೂ ಮೊದಲ ಮೆತ್ತಗ ಭಾರ ಹಾಕಿ ನೋಡ್ರಿ, ಜಗ್ಗಬ್ಯಾಡ್ರಿ, ಕೆಳಗಿನವರು ಬಾಜೂಕ ನಿಂದ್ರಲಿ, ಎಲ್ಲರ ತಲಿಗೂ ಹೆಲ್ಮೆಟ್ ಇರಲಿ. ಹತ್ತಾಕ ಹುಕ್, ಅಂದ್ರ ಕಬ್ಬಿಣದ ಕೊಕ್ಕಿ, ಸಿಗಿಸಾಕ ಯೂಟಾದ ಕೆಲವು ಗುಂಡ್ಯಾಗ ಕಲ್ಲಿಗೆ ಮೊದಲೇ ಕೊರದ ತೂತು ಇರ್ತಾವು, ಅದನ್ನ ನೋಡಿ ನಮ್ಮ ಬಂಡೆಗಲ್ಲಿಗೆ ಡ್ರಿಲ್ ಹಾಕಬ್ಯಾಡ್ರಿ. ಕಷ್ಟದ ಪಾಳಿ ಅಂದ್ರ ಕಡೀಗೆ ಏರೋರದ್ದು, ಯಾಕಂದ್ರ ಕೆಳಗ ಎತ್ತಾಕ ಯಾರೂ ಉಳಿದಿರೂದಿಲ್ಲ, ಅದಕ್ಕ ಎಲ್ಲರೂ ಒಮ್ಮೊಮ್ಮೆ ಕಡೀಗೆ ಉಳಿದು ಏರಿ ನೋಡ್ರಿ.

ನಮ್ಮ ಚಳಿ ಯೂಟಾದ ಚಳಿ ಅಲ್ಲ, ಅಲ್ಲಿ ಗುಂಡ್ಯಾಗಿನ ನೀರು ಬರ್ಫ ಆಗತೈತಿ, ಆದ್ರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಮೈ ಕಾವು ಎಳಕೋತೈತಿ. ಬಿಸಿಲು ಕೊಳ್ಳದಾಗ ಇಳಿದ ಮ್ಯಾಲೆ, ಹತ್ತು ಹನ್ನೊಂದಕ್ಕ ಶುರು ಮಾಡ್ರಿ, ಮೂರು ಗಂಟಿಗೆ ಮುಗಸ್ರಿ. ಹತ್ತಿ ಬಟ್ಟಿ ಬ್ಯಾಡ, ಸಿಕ್ರ ನೀರಾಗೂ ಮೈ ಬೆಚ್ಚಗ ಇಡೂ ವೆಟ್‌ಸೂಟ್ ಹಾಕೊಳ್ರಿ, ಒಣಾ ಅರಿಬಿ, ಥರ್ಮಾಸ್‌ನ್ಯಾಗ ಚಹಾ ದಂಡಿ ಮ್ಯಾಲೆ ಇರಲಿ. ನಡುನಡುವ ಹೆಬ್ಬೆರಳನ್ನ ಕಿರುಬೆರಳಿಗೆ ಮುಟ್ಟಿಸಿ ನೋಡ್ರಿ, ಆಗವಲ್ದು ಅಂದ್ರ ಗಂಟು ಹಾಕೂ ಕೈ ಅಲ್ಲ ಅದು, ನೀರಿಂದ ಹೊರಗ ಬರ್ರಿ. ಕೊಳ್ಳದಾಗ ಫೋನಿಗೆ ನೆಟ್‌ವರ್ಕ್ ಸಿಗತೈತಿ ಅಂತ ನಂಬಬ್ಯಾಡ್ರಿ, ಯಾವ ಹಳ್ಳ, ಎಷ್ಟು ಮಂದಿ, ಎಷ್ಟೊತ್ತಿಗೆ ವಾಪಸ್ ಅಂತ ಮನ್ಯಾಗೂ ಹತ್ರದ ಊರಾಗೂ ಹೇಳಿ ಹೋಗ್ರಿ, ಆ ಹೊತ್ತು ಮೀರಿದ್ರ 112ಕ್ಕ ಫೋನ್ ಮಾಡ್ರಿ ಅಂತಾನೂ ಹೇಳ್ರಿ.